ಆಯಿಲ್ ಪಂಪ್ ಕೀಳುವ ಮುಂಚೆ ಹಳೆಯ ಪಿಸ್ಟನ್ ನೋಡಿ

ಪ್ರಶ್ನೆ: ಮುರ್ಡೇಶ್ವರದಿಂದ ನೇತ್ರಾಣಿಗೆ ಪ್ರವಾಸಿಗಳನ್ನು ಕರೆದುಕೊಂಡು ಹೋಗುವ ಫೈಬರ್ ದೋಣಿ ನಮ್ಮದು. ಎಂಜಿನ್ ಹಳೆಯ ಯಮಹಾ, 90 ಎಚ್‌ಪಿ, ಮೂರು ಸಿಲಿಂಡರಿನ ಟೂ ಸ್ಟ್ರೋಕ್. ಆಯಿಲ್ ಇಂಜೆಕ್ಷನ್ ಇದೆ, ಅಂದರೆ ಬೇರೆ ಟ್ಯಾಂಕಿನಿಂದ ಎಣ್ಣೆಯನ್ನು ಒಂದು ಪಂಪ್ ತಾನೇ ಎಂಜಿನ್ನಿಗೆ ಕೊಡುತ್ತದೆ. ಹೋದ ಸೀಸನ್ನಿನ ಕೊನೆಗೆ ಮೇಲಿನ ಸಿಲಿಂಡರ್ ಸೀಜ್ ಆಯಿತು (ಪಿಸ್ಟನ್ ಒಳಗೇ ಕಚ್ಚಿಕೊಂಡಿತು). ಮಳೆಗಾಲದಲ್ಲಿ ಎಂಜಿನ್ ಇಳಿಸಿ, ಮೂರೂ ಬೋರ್ ಮಾಡಿಸಿ, ಹೊಸ ಪಿಸ್ಟನ್, ರಿಂಗ್, ಬೇರಿಂಗ್ ಹಾಕಿಸಿದ್ದೇವೆ. ಈಗ ಮೆಕ್ಯಾನಿಕ್ ಹೇಳುತ್ತಾರೆ, "ಆ ಪಂಪ್ ಕಿತ್ತು ಬಿಸಾಡಿ, ಪೆಟ್ರೋಲಿಗೇ ಎಣ್ಣೆ ಬೆರೆಸಿ ಹಾಕಿ, ತಲೆಬಿಸಿ ಇಲ್ಲ" ಅಂತ. ನಮ್ಮ ಭಾವ ಕೇಳುತ್ತಾರೆ, "ಕಂಪನಿಯವರು ಅದನ್ನು ಸುಮ್ನೆ ಇಟ್ಟಿದ್ದಾರಾ?" ಅಂತ. ಯಾರ ಮಾತು ಕೇಳಲಿ? ಇನ್ನೊಂದು, ಸಣ್ಣ ದೋಣಿಯ ಎಂಜಿನ್ನಿಗೆ ಅಂತ ಮೇ ತಿಂಗಳಲ್ಲಿ ಬೆರೆಸಿಟ್ಟ ಪೆಟ್ರೋಲ್ ಎರಡು ಕ್ಯಾನ್ ಉಳಿದಿದೆ. ಅದನ್ನು ಇದರ ರನ್ನಿಂಗ್ ಇನ್‌ಗೆ (ಹೊಸ ಭಾಗಗಳು ಹದಕ್ಕೆ ಬರಲು ಮೊದಮೊದಲು ಜಾಗ್ರತೆಯಿಂದ ಓಡಿಸುವುದಕ್ಕೆ) ಬಳಸಬಹುದಾ?

ಉತ್ತರ: ಪಂಪ್ ಸದ್ಯಕ್ಕೆ ಇರಲಿ. ಈಗಲೇ ಕೀಳಬೇಡಿ. ಆದರೆ ಅದೊಂದನ್ನೇ ನಂಬಿಕೊಂಡು ಹೊಸ ಪಿಸ್ಟನ್ ಹಾಕಿದ ಎಂಜಿನ್ ಓಡಿಸಲೂಬೇಡಿ. ಮೊದಲ ಹತ್ತು ಗಂಟೆ ಪಂಪೂ ಇರಬೇಕು, ಪೆಟ್ರೋಲಿನಲ್ಲಿ ಎಣ್ಣೆಯೂ ಇರಬೇಕು. ಆ ಹತ್ತು ಗಂಟೆಯಲ್ಲಿ ಪಂಪಿನ ಪರೀಕ್ಷೆ ಮಾಡಿ. ಪಾಸಾದರೆ ಇಟ್ಟುಕೊಳ್ಳಿ. ಆಗದಿದ್ದರೆ ಮೆಕ್ಯಾನಿಕ್ ಹೇಳಿದ ಹಾಗೆ ತೆಗೆಯಿರಿ, ಆದರೆ ಪೂರ್ತಿಯಾಗಿ, ಸರಿಯಾಗಿ ತೆಗೆಯಿರಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ಒಂದು ಸಂಗತಿ ಇಲ್ಲ. ಆ ಸಿಲಿಂಡರ್ ಯಾಕೆ ಸೀಜ್ ಆಯಿತು ಅಂತ ಯಾರೂ ನೋಡಿದ ಹಾಗೆ ಕಾಣುವುದಿಲ್ಲ. ಹಳೆಯ ಪಿಸ್ಟನ್‌ಗಳನ್ನು ಗುಜರಿಗೆ ಹಾಕಿಲ್ಲ ಅಲ್ವಾ? ಹಾಕಿಲ್ಲವಾದರೆ ಮೂರನ್ನೂ ತಂದು ಬಿಸಿಲಿನಲ್ಲಿ ಸಾಲಾಗಿ ಇಡಿ. ಮೇಲಿನ ಸಿಲಿಂಡರಿನದ್ದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಎಕ್ಸಾಸ್ಟ್ ಬದಿಯಲ್ಲಿ ಮಾತ್ರ ಗೀರು ಬಿದ್ದು, ತಲೆಯ ಅಂಚು ಕರಗಿದ ಹಾಗೆ ಇದ್ದರೆ ಅದು ಬಿಸಿಯ ಕೆಲಸ. ಪೆಟ್ರೋಲ್ ಕಮ್ಮಿ ಬಂದು ಉರಿ ಜಾಸ್ತಿ ಆಗಿದೆ, ಇಲ್ಲವೇ ನೀರು ಸರಿಯಾಗಿ ಸುತ್ತಿಲ್ಲ. ಗೀರು ಸುತ್ತಲೂ ಇದ್ದು, ಮೈಯೆಲ್ಲ ಒಣಗಿ ಉಜ್ಜಿದ ಹಾಗೆ ಕಂಡರೆ ಎಣ್ಣೆಯ ಮೇಲೆ ಸಂಶಯ ಪಡಬೇಕು. ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯ ಬೇರಿಂಗ್ ನೋಡಿದರೆ ಸಂಶಯ ಇನ್ನಷ್ಟು ಪರಿಹಾರ ಆಗುತ್ತದೆ. ಸೂಜಿಗಳಂಥ ಆ ರೋಲರ್‌ಗಳು ನೀಲಿ ತಿರುಗಿದ್ದರೆ ಅಲ್ಲಿಗೆ ಎಣ್ಣೆ ಹೋಗಿಲ್ಲ. ಹೊಳೆಯುತ್ತಿದ್ದರೆ ಎಣ್ಣೆ ಹೋಗಿದೆ, ತಪ್ಪು ಬೇರೆಲ್ಲೋ ಇದೆ.

ನಿಮ್ಮದು ಮೂರು ಸಿಲಿಂಡರಿಗೆ ಮೂರು ಕಾರ್ಬೊರೇಟರ್ ಇರುವ ಎಂಜಿನ್. ಮೂರರಲ್ಲಿ ಒಂದೇ ಸತ್ತಿದೆ. ಪಂಪ್ ಪೂರ್ತಿ ನಿಂತಿದ್ದರೆ ಮೂರಕ್ಕೂ ಏಟು ಬೀಳಬೇಕಿತ್ತು. ಪಂಪಿನಿಂದ ಹೊರಡುವ ಮೂರು ಸಣ್ಣ ಪೈಪುಗಳಲ್ಲಿ ಒಂದು ಕಟ್ಟಿಕೊಂಡರೆ ಒಂದು ಸಿಲಿಂಡರ್ ಮಾತ್ರ ಹೋಗಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಕೈಗೆ ಬಂದ ಒಂಟಿ ಸಿಲಿಂಡರ್ ಸೀಜ್‌ಗಳಲ್ಲಿ ಕಾರ್ಬೊರೇಟರಿನ ಮೇನ್ ಜೆಟ್ (ಪೆಟ್ರೋಲ್ ಹಾದು ಬರುವ ಸಣ್ಣ ತೂತು) ಕಟ್ಟಿದ್ದೇ ಜಾಸ್ತಿ. ಎರಡನೆಯದು ನೀರು. ಕೂಲಿಂಗ್ ನೀರು ಕೆಳಗಿನಿಂದ ಮೇಲಕ್ಕೆ ಏರಬೇಕು. ನೀರು ತಳ್ಳುವ ರಬ್ಬರ್ ಚಕ್ರ, ಅಂದರೆ ಇಂಪೆಲ್ಲರ್ ಸೋತಾಗ, ಉಪ್ಪು ಕಟ್ಟಿ ದಾರಿ ಸಣ್ಣದಾದಾಗ ಮೊದಲು ಒದ್ದಾಡುವುದು ಹೆಚ್ಚಾಗಿ ಮೇಲಿನ ಸಿಲಿಂಡರೇ. ಹಾಗಾಗಿ ಪಂಪಿನ ಮೇಲೆ ತಪ್ಪು ಹೊರಿಸಿ ಅದನ್ನು ತೆಗೆದು, ಜೆಟ್ಟನ್ನೂ ಇಂಪೆಲ್ಲರನ್ನೂ ಹಾಗೇ ಬಿಟ್ಟರೆ, ಹೊಸ ಪಿಸ್ಟನ್ನಿಗೂ ಹಳೆಯ ಗತಿಯೇ.

ಇಲ್ಲಿ ಬಹಳ ಜನ ಗಮನಿಸದ ಮಾತೊಂದಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿದಾಗ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೇ. ಜೆಟ್ ಅರ್ಧ ಕಟ್ಟಿದರೆ ಪೆಟ್ರೋಲೂ ಅರ್ಧ, ಎಣ್ಣೆಯೂ ಅರ್ಧ. ಉರಿ ಏರುವ ಹೊತ್ತಿಗೇ ಎಣ್ಣೆ ಇಳಿಯುತ್ತದೆ. ನಿಮ್ಮ ಎಂಜಿನ್ನಿನಲ್ಲಿರುವ ಪಂಪ್ ಹಾಗಲ್ಲ. ಅದು ಕ್ರ್ಯಾಂಕಿನಿಂದ ತಿರುಗುತ್ತದೆ, ಎಣ್ಣೆಯನ್ನು ಬೇರೆ ದಾರಿಯಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಎಂಜಿನ್ನಿನೊಳಗೆ ಹೋಗುವ ದಾರಿಗೆ) ಬಿಡುತ್ತದೆ. ಜೆಟ್ ಕಟ್ಟಿದರೂ ಎಣ್ಣೆ ಬರುತ್ತಲೇ ಇರುತ್ತದೆ. ಸೀಜ್ ಆಗುವುದನ್ನು ಅದು ತಡೆಯುತ್ತದೆ ಅಂತಲ್ಲ, ಆದರೆ ಬೇರಿಂಗ್ ಉಳಿಯಬಹುದು. "ಬೆರೆಸಿ ಹಾಕಿದರೆ ತಲೆಬಿಸಿ ಇಲ್ಲ" ಅನ್ನುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಂತ ಮೆಕ್ಯಾನಿಕ್ ಹೇಳಿದ್ದು ಬರೀ ಸುಳ್ಳಲ್ಲ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕಾರಿನ ಹಾಗೆ ಅಡಿಯಲ್ಲಿ ಎಣ್ಣೆ ತುಂಬಿದ ಸಂಪ್ ಇಲ್ಲ. ಕ್ರ್ಯಾಂಕಿಗೆ, ರಾಡಿನ ಬೇರಿಂಗಿಗೆ, ರಿಂಗಿಗೆ ಸಿಗುವುದು ಆ ಕ್ಷಣಕ್ಕೆ ಒಳಗೆ ಬಂದಷ್ಟೇ ಎಣ್ಣೆ. ಒಮ್ಮೆ ನಿಂತಿತೆಂದರೆ ಉಳಿದಿರುವುದು ನಿಮಿಷಗಳು ಮಾತ್ರ. ಸರಿಯಾಗಿ ಬೆರೆಸಿದ ಪೆಟ್ರೋಲ್ ಟ್ಯಾಂಕಿನಲ್ಲಿದ್ದರೆ ಎಂಜಿನ್ ಓಡುವಷ್ಟು ಹೊತ್ತೂ ಎಣ್ಣೆ ಸಿಗುತ್ತದೆ. ಗಿಯರ್ ಇಲ್ಲ, ಪೈಪ್ ಇಲ್ಲ, ವಾಲ್ವ್ ಇಲ್ಲ, ಸೆನ್ಸರ್ ಇಲ್ಲ. ಈ ಸರಳತೆಗೆ ಬೆಲೆ ಇದೆ. ಕರಾವಳಿಯ ನಾಡದೋಣಿಗಳ ಸಣ್ಣ ಎಂಜಿನ್‌ಗಳೆಲ್ಲ ವರ್ಷಗಟ್ಟಲೆ ಬೆರೆಸಿದ್ದರಲ್ಲೇ ಓಡುತ್ತಿವೆ. ಅವುಗಳಿಗೆ ಪಂಪೇ ಇಲ್ಲ, ಬೇಕೂ ಇಲ್ಲ. (ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ ಇದ್ದವರು ನಾನು ಮುಂದೆ ಕೊಡುವ ಅಳತೆಗಳನ್ನು ಅದಕ್ಕೆ ಹಾಕಬೇಡಿ. ಅದರ ಲೆಕ್ಕ ಬೇರೆ.)

ಆದರೆ ನಿಮ್ಮದು 90 ಎಚ್‌ಪಿ, ಕೆಲಸವೂ ಬೇರೆ. ನೇತ್ರಾಣಿ ದಡದಿಂದ ಸುಮಾರು 19 ಕಿ.ಮೀ. ಹೋಗುವಾಗ ಅರ್ಧ ಗಂಟೆಗೂ ಮೇಲೆ ಎಂಜಿನ್ ಗಟ್ಟಿಯಾಗಿ ಎಳೆಯುತ್ತದೆ. ಅಲ್ಲಿ ಹೋದ ಮೇಲೆ ಗುಡ್ಡದ ಸುತ್ತ ನಿಧಾನಕ್ಕೆ ಓಡಾಟ, ಕಾಯುವುದು, ಮತ್ತೆ ನಿಧಾನಕ್ಕೆ ಓಡಾಟ. (ನೀರಿನಲ್ಲಿ ಜನ ಇಳಿದಿರುವಾಗ ಎಂಜಿನ್ ಆಫ್ ಇರುತ್ತದೆ ಅಂತ ನಂಬುತ್ತೇನೆ. ನ್ಯೂಟ್ರಲ್ ಸಾಲದು.) ಆಮೇಲೆ ವಾಪಸ್ ಬರುವಾಗ ಪುನಃ ಅರ್ಧ ಗಂಟೆ ಎಳೆತ. ಪಂಪಿಗೆ ಥ್ರಾಟಲಿನ ಲಿಂಕ್ ಇದೆ. ಫುಲ್ ಥ್ರಾಟಲಿನಲ್ಲಿ ಅದು ಕೊಡುವುದು ಹೆಚ್ಚು ಕಮ್ಮಿ 50ಕ್ಕೆ 1, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ. ನಿಧಾನಕ್ಕೆ ಓಡುವಾಗ ಅದು 100ಕ್ಕೆ 1, ಇನ್ನೂ ಕೆಳಗೆ ಹೋದರೆ ಅದಕ್ಕಿಂತಲೂ ತೆಳು ಮಾಡುತ್ತದೆ. ಬೆರೆಸಿದ ಪೆಟ್ರೋಲಿನಲ್ಲಾದರೆ ಐಡ್ಲಿಂಗಿನಲ್ಲೂ 50ಕ್ಕೆ 1 ಬಿಟ್ಟು ಬೇರೆ ದಾರಿ ಇಲ್ಲ. ಅದರ ಫಲ ಏನೆಂದು ನಿಮಗೇ ಗೊತ್ತು. ಹಿಂದಿನಿಂದ ಗಾಳಿ ಬೀಸಿದರೆ ಹೊಗೆಯೆಲ್ಲ ದೋಣಿಯೊಳಗೆ. ಮೊದಲೇ ಅಲೆಗೆ ಹೊಟ್ಟೆ ತೊಳಸಿಕೊಂಡು ಕೂತ ಪ್ರವಾಸಿಗೆ ಆ ವಾಸನೆ ಸಾಕು. ಪ್ಲಗ್ ಒದ್ದೆಯಾಗಿ ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಓಡತೊಡಗುತ್ತದೆ. ನೀರ ಮೇಲೆ ಎಣ್ಣೆಯ ಬಣ್ಣ ಹರಡುತ್ತದೆ, ಅದೂ ಹವಳ ನೋಡಲು ಜನ ಇಳಿಯುವ ಜಾಗದಲ್ಲಿ. ನಿಮ್ಮ ಕೆಲಸಕ್ಕೆ ಒಳ್ಳೆಯ ಸ್ಥಿತಿಯಲ್ಲಿರುವ ಪಂಪ್ ನಿಜವಾಗಿ ಉಪಕಾರಿ. ಭಾವನವರ ಮಾತು ಈ ಕಾರಣಕ್ಕೆ ಸರಿ.

ಇನ್ನು ಒಳ್ಳೆಯ ಸ್ಥಿತಿ ಅಂದರೆ ಏನು ಅಂತ ನೋಡೋಣ. ನನ್ನ ಮಟ್ಟಿಗೆ ಇದೇ ಇಡೀ ಪ್ರಶ್ನೆಯ ತಿರುಳು.

ಕೆಲವು ವರ್ಷದ ಹಿಂದೆ ನನ್ನಲ್ಲಿಗೆ ಒಂದು ಎಂಜಿನ್ ಬಂತು. ಬೇರೆ ಕಡೆ ರೀಬಿಲ್ಡ್ ಆಗಿ ಮೂರೇ ದಿನ ಓಡಿತ್ತು, ನಡುವಿನ ಸಿಲಿಂಡರ್ ಹೋಗಿತ್ತು. ಎಲ್ಲರೂ ಪಂಪ್ ಕೆಟ್ಟಿದೆ ಅಂದರು. ನಾನು ಪಂಪ್ ಬಿಚ್ಚಿ ನೋಡಿದೆ, ಏನೂ ಆಗಿರಲಿಲ್ಲ. ಪೈಪುಗಳನ್ನು ಒಂದೊಂದಾಗಿ ತೆಗೆದು ಸಿರಿಂಜಿನಲ್ಲಿ ಎಣ್ಣೆ ತಳ್ಳುತ್ತಾ ಹೋದೆ. ಎರಡರಲ್ಲಿ ಹನಿ ಹನಿಯಾಗಿ ಹೊರಗೆ ಬಂತು. ನಡುವಿನದರಲ್ಲಿ ಸಿರಿಂಜು ಗಟ್ಟಿಯಾಗಿ ನಿಂತಿತು. ಆ ಪೈಪಿನ ಸಣ್ಣ ಚೆಕ್ ವಾಲ್ವನ್ನು ಬಿಳಿ ಬಟ್ಟೆಯ ಮೇಲೆ ತಟ್ಟಿದಾಗ ಅರ್ಧ ಅಕ್ಕಿಕಾಳಿನಷ್ಟು ಬೂದು ಬಣ್ಣದ ಚೂರು ಬಿತ್ತು. ಉಗುರಿನಿಂದ ಒತ್ತಿದರೆ ರಬ್ಬರಿನ ಹಾಗೆ ಬಗ್ಗುತ್ತಿತ್ತು. ಗ್ಯಾಸ್ಕೆಟಿಗೆ ಹಚ್ಚಿದ ಸಿಲಿಕಾನ್. ಜೋಡಿಸುವಾಗ ಜಾಸ್ತಿ ಹಚ್ಚಿದ್ದರು, ಅಂಚಿನಿಂದ ಕಿತ್ತು ಬಂದದ್ದು ಎಣ್ಣೆ ದಾರಿಗೆ ಸೇರಿತ್ತು. ಸಾವಿರಾರು ರೂಪಾಯಿಯ ಕೆಲಸ ಆ ಚೂರಿನಿಂದ ಹಾಳಾಗಿತ್ತು. ಅಂದಿನಿಂದ ರೀಬಿಲ್ಡ್ ಆದ ಯಾವ ಎಂಜಿನ್ ಬಂದರೂ ಮೊದಲು ಎಣ್ಣೆ ಪೈಪುಗಳಿಗೆ ಸಿರಿಂಜು ಹಾಕುತ್ತೇನೆ.

ನೀವೂ ಅದನ್ನೇ ಮಾಡಿಸಿ. ಪೈಪುಗಳು ಹಳದಿ ತಿರುಗಿ ಗಟ್ಟಿಯಾಗಿದ್ದರೆ ಎಲ್ಲವನ್ನೂ ಬದಲಿಸಿ, ಹಳೆಯದನ್ನು ಬಗ್ಗಿಸಿ ಮತ್ತೆ ತುರುಕಬೇಡಿ. ತುದಿ ಸ್ವಲ್ಪ ಸಡಿಲವಾದರೂ ಅಲ್ಲಿಂದ ಗಾಳಿ ಎಳೆಯುತ್ತದೆ. ಚೆಕ್ ವಾಲ್ವ್ ಒಂದೇ ದಿಕ್ಕಿಗೆ ಎಣ್ಣೆ ಬಿಡಬೇಕು, ತಿರುಗಿಸಿ ಹಿಡಿದರೆ ಬಿಡಬಾರದು. ಎಣ್ಣೆ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಅಡಿಯಲ್ಲಿ ನಿಂತದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ರಾತ್ರಿ ಬಿಡಿ. ಮಳೆಗಾಲ ಕಳೆದ ಟ್ಯಾಂಕಿನಲ್ಲಿ ನೀರು ಇಲ್ಲದೇ ಇದ್ದರೆ ಆಶ್ಚರ್ಯ. ಟ್ಯಾಂಕಿನ ಜಾಲರಿ ತೊಳೆಯಿರಿ. ಪಂಪನ್ನು ತಿರುಗಿಸುವ ಗಿಯರ್ ಕೆಲವು ಮಾದರಿಗಳಲ್ಲಿ ನೈಲಾನಿನದು. ನಿಮ್ಮ ಎಂಜಿನ್ ಬಿಸಿಯಾಗಿ ಸೀಜ್ ಆದದ್ದಾದರೆ ಆ ಹಲ್ಲುಗಳನ್ನು ಬೆಳಕಿನಲ್ಲಿ ನೋಡಲೇಬೇಕು. ಲಿಂಕಿನ ಗುರುತು ಫುಲ್ ಥ್ರಾಟಲಿನಲ್ಲಿ ಸರಿಯಾಗಿ ಕೂರುತ್ತದಾ ಅಂತಲೂ ನೋಡಿ. ಕಾರ್ಬೊರೇಟರ್ ಬಿಚ್ಚಿ ಜೋಡಿಸುವಾಗ ಅದು ತಪ್ಪುವುದು ಮಾಮೂಲು. ತಪ್ಪಿದರೆ ಪಂಪ್ ಅರ್ಧ ತೆರೆದಲ್ಲೇ ನಿಂತುಬಿಡುತ್ತದೆ.

ಆಮೇಲೆ ಗಾಳಿ ತೆಗೆಯಬೇಕು. ಎಂಜಿನ್ ಬಿಚ್ಚಿದಾಗ ಪೈಪುಗಳೆಲ್ಲ ಖಾಲಿಯಾಗಿರುತ್ತವೆ. ಟ್ಯಾಂಕಿಗೆ ಎಣ್ಣೆ ಹಾಕಿದ ಮಾತ್ರಕ್ಕೆ ಅದು ಪಂಪಿನವರೆಗೆ ಬಂತು ಅಂತಲ್ಲ. ಪಂಪಿನ ಬ್ಲೀಡ್ ಸ್ಕ್ರೂ ಸಡಿಲ ಮಾಡಿ, ಗುಳ್ಳೆ ಇಲ್ಲದೆ ಎಣ್ಣೆ ಬರುವವರೆಗೆ ಬಿಡಿ, ಮತ್ತೆ ಬಿಗಿಯಿರಿ. ಐದು ನಿಮಿಷದ ಕೆಲಸ. ರೀಬಿಲ್ಡ್ ಆದ ಎಂಜಿನ್ ಮೊದಲ ದಿನವೇ ಸಾಯುವುದಕ್ಕೆ ಇದನ್ನು ಮರೆಯುವುದೂ ಒಂದು ಕಾರಣ.

ಪರೀಕ್ಷೆ ಹೀಗೆ. ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ. ಪೆಟ್ರೋಲಿನಲ್ಲಿ ಮೊದಲೇ 50ಕ್ಕೆ 1 ಎಣ್ಣೆ ಬೆರೆಸಿರಿ, ಆಗ ಪರೀಕ್ಷೆ ಮಾಡುವಾಗ ಎಂಜಿನ್ನಿಗೆ ಅಪಾಯ ಇಲ್ಲ. ಪಂಪಿನಿಂದ ಬರುವ ಒಂದು ಪೈಪನ್ನು ಮ್ಯಾನಿಫೋಲ್ಡಿನಿಂದ ತೆಗೆದು, ಪೈಪ್ ಕೂರುವ ಆ ಮೊಲೆಯನ್ನು (ನಿಪ್ಪಲ್) ಮುಚ್ಚಿ, ಪೈಪಿನ ತುದಿಯನ್ನು ಸಣ್ಣ ಸಿರಿಂಜಿನೊಳಗೆ ಇಳಿಸಿ. ಸರ್ವಿಸ್ ಮ್ಯಾನುಯಲಿನಲ್ಲಿ ಇಷ್ಟು ಆರ್‌ಪಿಎಂಗೆ, ಇಷ್ಟು ನಿಮಿಷಕ್ಕೆ, ಪಂಪಿನ ಲಿವರ್ ಪೂರ್ತಿ ತೆರೆದಾಗ ಇಷ್ಟು ಸಿಸಿ ಅಂತ ನಿಮ್ಮ ಮಾದರಿಗೆ ಕೊಟ್ಟಿರುತ್ತಾರೆ. ಅಳೆದು ನೋಡಿ. ಮೂರು ಪೈಪನ್ನೂ ಹೀಗೇ ಮಾಡಿ. ಮ್ಯಾನುಯಲ್ ಸಿಗದಿದ್ದರೂ ಮೂರರಲ್ಲಿ ಬಂದ ಎಣ್ಣೆ ಸಮ ಇದೆಯಾ ಅಂತ ತಿಳಿಯುತ್ತದೆ. ಒಂದರಲ್ಲಿ ಕಮ್ಮಿ ಬಂದರೆ, ಅದೂ ಮೇಲಿನ ಸಿಲಿಂಡರಿನದ್ದೇ ಆದರೆ, ನಿಮ್ಮ ಹಳೆಯ ಪಿಸ್ಟನ್ ಯಾಕೆ ಹೋಯಿತು ಅಂತ ಗೊತ್ತಾದ ಹಾಗೆಯೇ.

ಬಜರ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. "ಎಣ್ಣೆ ಬರದಿದ್ದರೆ ಬಜರ್ ಕೂಗುತ್ತದೆ ಬಿಡಿ" ಅನ್ನುತ್ತಾರೆ. ನಿಮ್ಮ ಮಾದರಿಯ ಸೆನ್ಸರ್ ನೋಡುವುದು ಟ್ಯಾಂಕಿನಲ್ಲಿ ಎಣ್ಣೆ ಎಷ್ಟಿದೆ ಅನ್ನುವುದನ್ನು. ಪಂಪ್ ಅದನ್ನು ಮುಂದಕ್ಕೆ ತಳ್ಳುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಟ್ಯಾಂಕ್ ತುಂಬಿದ್ದು ಪಂಪ್ ಸತ್ತಿದ್ದರೆ ಬಜರ್ ಸುಮ್ಮನೆ ಇರುತ್ತದೆ. ಆದ್ದರಿಂದ ದಿನಾ ಇಳಿಯದ ಎಣ್ಣೆ ಟ್ಯಾಂಕನ್ನು ನೋಡಿ ಖುಷಿ ಪಡಬೇಡಿ, ಹೆದರಿ. ಇಷ್ಟಾದರೂ ಸೆನ್ಸರ್ ಬೇಕು. ಅದರ ಫ್ಲೋಟನ್ನು ಹೊರಗೆ ತೆಗೆದು ಕೈಯಲ್ಲಿ ಕೆಳಗೆ ಇಳಿಸಿ, ಬಜರ್ ಕೂಗುತ್ತದಾ, ಆರ್‌ಪಿಎಂ ತಾನಾಗಿ ಇಳಿಯುತ್ತದಾ ಅಂತ ಖಾತ್ರಿ ಮಾಡಿಕೊಳ್ಳಿ.

ಈಗ ರನ್ನಿಂಗ್ ಇನ್. ಮೊದಲ ಹತ್ತು ಗಂಟೆ ಪೆಟ್ರೋಲಿಗೆ 50ಕ್ಕೆ 1 ಬೆರೆಸಿ, ಪಂಪೂ ಓಡುತ್ತಿರಲಿ. 20 ಲೀಟರಿನ ಕ್ಯಾನಿಗೆ 400 ಮಿ.ಲೀ. ಇದರಿಂದ ಎಂಜಿನ್ನಿಗೆ ಮಾಮೂಲಿಗಿಂತ ಜಾಸ್ತಿ ಎಣ್ಣೆ ಸಿಗುತ್ತದೆ, ಹೊಸ ರಿಂಗಿಗೆ ಅದು ಬೇಕು. ಹೊಗೆ ಬರುತ್ತದೆ, ಬರಲಿ. ಈ ಹತ್ತು ಗಂಟೆ ಪ್ರವಾಸಿಗಳನ್ನು ಹತ್ತಿಸಬೇಡಿ. ಮೊದಲ ಹತ್ತು ನಿಮಿಷ ನಿಧಾನಕ್ಕೆ ಓಡಲಿ. ಆಮೇಲೆ ಗಂಟೆ ತುಂಬುವವರೆಗೆ ಅರ್ಧ ಥ್ರಾಟಲ್, ಹೆಚ್ಚೆಂದರೆ 3000 ಆರ್‌ಪಿಎಂ. ಒಂದೇ ವೇಗದಲ್ಲಿ ಹಿಡಿಯಬೇಡಿ, ಏರಿಸುತ್ತಾ ಇಳಿಸುತ್ತಾ ಇರಿ. ಎರಡನೇ ಗಂಟೆಯಲ್ಲಿ ಮುಕ್ಕಾಲು ಥ್ರಾಟಲ್‌ವರೆಗೆ ಹೋಗಬಹುದು. ಉಳಿದ ಎಂಟು ಗಂಟೆಯಲ್ಲಿ ಎಷ್ಟು ಬೇಕಾದರೂ ಓಡಿಸಿ, ಆದರೆ ಫುಲ್ ಥ್ರಾಟಲ್ ಒಮ್ಮೆಗೆ ಐದು ನಿಮಿಷ ಮೀರದಿರಲಿ. ದಡ ಕಾಣುವಷ್ಟು ದೂರದಲ್ಲೇ ತಿರುಗಾಡಿ. ಜೊತೆಗೆ ಇನ್ನೊಂದು ದೋಣಿ ಇದ್ದರೆ ಒಳ್ಳೆಯದು.

ಹೊರಡುವ ಮುಂಚೆ ಎಣ್ಣೆ ಟ್ಯಾಂಕಿನ ಹೊರಮೈಗೆ, ಎಣ್ಣೆಯ ಮಟ್ಟದಲ್ಲಿ, ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ. ದಿನದ ಕೊನೆಗೆ ಎಣ್ಣೆ ಟೇಪಿಗಿಂತ ಎಷ್ಟು ಕೆಳಗೆ ಇಳಿದಿದೆ ನೋಡಿ. ಅಳತೆಯ ಬಾಟಲಿಯಿಂದ ಮತ್ತೆ ಟೇಪಿನವರೆಗೆ ತುಂಬಿಸಿ, ಎಷ್ಟು ಹಿಡಿಯಿತು ಅಂತ ಪುಸ್ತಕದಲ್ಲಿ ಬರೆಯಿರಿ. ಪಕ್ಕದಲ್ಲೇ ಆ ದಿನ ಎಷ್ಟು ಲೀಟರ್ ಪೆಟ್ರೋಲ್ ಹೋಯಿತು ಅಂತ ಬರೆಯಿರಿ. ಉದಾಹರಣೆಗೆ 28 ಲೀಟರ್ ಪೆಟ್ರೋಲಿಗೆ 400 ಮಿ.ಲೀ. ಎಣ್ಣೆ ಹೋಗಿದ್ದರೆ 70ಕ್ಕೆ 1 ಆಯಿತು. ವೇಗವಾಗಿಯೂ ನಿಧಾನವಾಗಿಯೂ ಓಡಿದ ದಿನಕ್ಕೆ ಅದು ಆರೋಗ್ಯದ ಲಕ್ಷಣ. ಅದೇ 28 ಲೀಟರಿಗೆ 150 ಮಿ.ಲೀ. ಮಾತ್ರ ಹೋಗಿದ್ದರೆ 185ರ ಹತ್ತಿರ ಬರುತ್ತದೆ. ಗಟ್ಟಿಯಾಗಿ ಎಳೆದ ದಿನ ಹೀಗೆ ಬಂದರೆ ಪಂಪ್ ಫೇಲ್. ಪೆಟ್ರೋಲಿನಲ್ಲಿ ಎಣ್ಣೆ ಇದ್ದ ಕಾರಣ ಎಂಜಿನ್ನಿಗೆ ಏನೂ ಆಗಿರುವುದಿಲ್ಲ. ಪಂಪನ್ನು ನಂಬಬಹುದೇ ಅಂತ ನಷ್ಟವಿಲ್ಲದೆ ತಿಳಿಯುವ ಅವಕಾಶ ಈ ಹತ್ತು ಗಂಟೆಯಲ್ಲಿ ಮಾತ್ರ ಸಿಗುತ್ತದೆ.

ಪಾಸಾದರೆ ಬರೀ ಪೆಟ್ರೋಲಿಗೆ ಬನ್ನಿ. ಟೇಪ್ ಮತ್ತು ಪುಸ್ತಕ ಮಾತ್ರ ಬಿಡಬೇಡಿ. ಹತ್ತು ವರ್ಷ ಓಡಿದ ಪಂಪೂ ಹನ್ನೊಂದನೇ ವರ್ಷ ನಿಲ್ಲಬಹುದು.

ಫೇಲಾದರೆ, ಹೊಸ ಪಂಪ್ ಬೇಗ ಸಿಗದಿದ್ದರೆ, ಅಥವಾ ಅದರ ಬೆಲೆ ಕೇಳಿ ನಿಮಗೆ ಬೇಡ ಅನ್ನಿಸಿದರೆ, ಆಗ ಬೆರೆಸಿದ ಪೆಟ್ರೋಲಿಗೆ ಬನ್ನಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಅರ್ಧಂಬರ್ಧ ಕೆಲಸ ಬೇಡ. ಎಣ್ಣೆ ಟ್ಯಾಂಕ್ ಖಾಲಿ ಬಿಟ್ಟು ಪಂಪನ್ನು ಅಲ್ಲೇ ಇಟ್ಟರೆ ಅದು ಒಣಗಿ ತಿರುಗುತ್ತಾ ಒಂದು ದಿನ ಒಡೆಯುತ್ತದೆ, ಚೂರುಗಳನ್ನೂ ಎಲ್ಲೋ ಬಿಡುತ್ತದೆ. ಪಂಪ್ ಹೊರಗೆ ಬರಬೇಕು. ಅದಿದ್ದ ಜಾಗಕ್ಕೆ ಗ್ಯಾಸ್ಕೆಟ್ ಸಮೇತ ಪ್ಲೇಟ್ ಬೀಳಬೇಕು. ಮ್ಯಾನಿಫೋಲ್ಡಿನ ಮೂರೂ ಮೊಲೆಗಳಿಗೆ ಗಟ್ಟಿ ಮುಚ್ಚಳ ಹಾಕಿ ಕ್ಲಿಪ್ ಹಾಕಬೇಕು. ಒಂದು ಮುಚ್ಚಳ ಹಾರಿದರೆ ಅಲ್ಲಿಂದ ಗಾಳಿ ನುಗ್ಗಿ, ಮಿಶ್ರಣ ತೆಳುವಾಗಿ, ಆ ಸಿಲಿಂಡರ್ ಮತ್ತೆ ಸೀಜ್ ಆಗುತ್ತದೆ. ಎಣ್ಣೆ ಸೆನ್ಸರಿನ ವಯರ್ ತೆಗೆದರೆ ಎಂಜಿನ್ ವೇಗ ಹಿಡಿಯದೇ ಇರುವ ಮಾದರಿಗಳಿವೆ, ವಯರಿಂಗ್ ಚಿತ್ರ ನೋಡಿಯೇ ಮುಟ್ಟಬೇಕು. ಬಿಸಿಯಾದಾಗ ಕೂಗುವ ಬಜರನ್ನು ಮಾತ್ರ ಯಾವ ಕಾರಣಕ್ಕೂ ಕತ್ತರಿಸಬೇಡಿ. (ಜಾನ್ಸನ್, ಎವಿನ್‌ರೂಡ್ ಎಂಜಿನ್ ಇರುವವರಿಗೆ: 1984ರಿಂದ ಅವುಗಳಲ್ಲಿ ಬಂದ ವಿಆರ್‌ಓ ಪಂಪ್ ಪೆಟ್ರೋಲ್ ಪಂಪೂ ಹೌದು, ಎಣ್ಣೆ ಪಂಪೂ ಹೌದು. ಅದನ್ನು ಹೀಗೆ ಕಿತ್ತರೆ ಪೆಟ್ರೋಲೇ ಬರುವುದಿಲ್ಲ. ಅದರ ದಾರಿ ಬೇರೆ.)

ಬೆರೆಸಿ ಓಡಿಸುವುದಾದರೆ ಮೊದಲ ಹತ್ತು ಗಂಟೆ 25ಕ್ಕೆ 1, ಅಂದರೆ 20 ಲೀಟರಿಗೆ 800 ಮಿ.ಲೀ. ಆಮೇಲೆ 50ಕ್ಕೆ 1. ದೋಣಿಯ ಅಡಿಯಲ್ಲಿರುವ ಟ್ಯಾಂಕಿಗೆ ನೇರ ಎಣ್ಣೆ ಸುರಿಯಬೇಡಿ, ಅದು ಬೆರೆಯದೆ ತಳಕ್ಕೆ ಕೂರುತ್ತದೆ. ಕ್ಯಾನಿಗೆ ಅರ್ಧ ಪೆಟ್ರೋಲ್, ಅದರ ಮೇಲೆ ಎಣ್ಣೆ, ಚೆನ್ನಾಗಿ ಕುಲುಕಿ, ಉಳಿದ ಪೆಟ್ರೋಲ್ ಹಾಕಿ ಮತ್ತೆ ಕುಲುಕಿ. ಆಮೇಲೆ ಟ್ಯಾಂಕಿಗೆ. ಬೆರೆಸಿದ ಕ್ಯಾನಿಗೆ ಬೇರೆ ಬಣ್ಣ ಇರಲಿ. ಟ್ಯಾಂಕಿನ ಮುಚ್ಚಳದ ಮೇಲೆ "ಎಣ್ಣೆ ಬೆರೆಸಿದ್ದು ಮಾತ್ರ" ಅಂತ ದಪ್ಪಕ್ಷರದಲ್ಲಿ ಬರೆಸಿ. ಇದು ಸಣ್ಣ ವಿಷಯ ಅಲ್ಲ ಮಾರಾಯ್ರೇ. ನನಗೆ ಗೊತ್ತಿರುವ ಒಂದು ದೋಣಿಯಲ್ಲಿ ಹೊಸದಾಗಿ ಸೇರಿದ ಹುಡುಗ ಬೆಳಿಗ್ಗೆ ಅವಸರದಲ್ಲಿ ಬರೀ ಪೆಟ್ರೋಲ್ ತುಂಬಿಸಿದ. ಅಳಿವೆ ದಾಟುವ ಹೊತ್ತಿಗೆ ಎಂಜಿನ್ ಕಚ್ಚಿಕೊಂಡಿತು. ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ಇಲ್ಲದ ದೋಣಿ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಹಿಂದೆ ಬರುತ್ತಿದ್ದವರು ಹಗ್ಗ ಎಸೆದು ಎಳೆದರು, ಜನ ಉಳಿದರು. ಪಂಪ್ ಇದ್ದ ಎಂಜಿನ್ನಿನಲ್ಲಿ ಆ ತಪ್ಪು ತಪ್ಪೇ ಆಗುತ್ತಿರಲಿಲ್ಲ. ಪಂಪ್ ಕಿತ್ತ ಮೇಲೆ ಪಂಪಿನ ಕೆಲಸ ಪೆಟ್ರೋಲ್ ತುಂಬಿಸುವವನ ಮೇಲೆ ಬೀಳುತ್ತದೆ. ನಿಮ್ಮಲ್ಲಿ ಆ ಕೆಲಸ ಯಾರು ಮಾಡುತ್ತಾರೆ? ಸೀಸನ್ನಿಗೊಬ್ಬ ಹೊಸ ಹುಡುಗನೇ? ಹಾಗಿದ್ದರೆ ಪಂಪ್ ಉಳಿಸಿಕೊಳ್ಳಲು ಅದೊಂದು ದೊಡ್ಡ ಕಾರಣ.

ಎರಡು ದಾರಿಯಲ್ಲಿ ಯಾವುದಾದರೂ ಸರಿ, ಎಣ್ಣೆ ಮಾತ್ರ ಟಿಸಿ-ಡಬ್ಲ್ಯೂ3 ಆಗಿರಲಿ. ಡಬ್ಬಿಯ ಮೇಲೆ ಆ ಗುರುತು ಇರುತ್ತದೆ, ನೀರಿನಿಂದ ತಂಪಾಗುವ ಟೂ ಸ್ಟ್ರೋಕ್ ಎಂಜಿನ್ನಿಗೆ ಮಾಡಿದ್ದು. ಹಳೆಯ ಬೈಕಿಗೆ ಹಾಕುತ್ತಿದ್ದ 2ಟಿ ಎಣ್ಣೆ ಗಾಳಿಯಿಂದ ತಂಪಾಗುವ, ಹೆಚ್ಚು ಬಿಸಿಯಲ್ಲಿ ಓಡುವ ಎಂಜಿನ್ನಿನದು. ಔಟ್‌ಬೋರ್ಡಿನಲ್ಲಿ (ನಿಮ್ಮದರಂತೆ ದೋಣಿಯ ಹಿಂದೆ ತೂಗುವ ಎಂಜಿನ್ನಿನಲ್ಲಿ) ಅದರ ಬೂದಿ ಪಿಸ್ಟನ್ ತಲೆಯ ಮೇಲೆ, ರಿಂಗ್ ಕೂರುವ ತೋಡಿನಲ್ಲಿ ಕೂರುತ್ತದೆ, ಪ್ಲಗ್ ಕೆಡಿಸುತ್ತದೆ. ಲೀಟರಿಗೆ ನೂರಿನ್ನೂರು ರೂಪಾಯಿ ಉಳಿಸಲು ಹೋಗಿ ಬೋರಿಂಗ್ ಮಾಡಿಸಿದ್ದನ್ನು ಹಾಳು ಮಾಡಿಕೊಳ್ಳಬೇಡಿ.

ಇನ್ನು ನಿಮ್ಮ ಎರಡು ಕ್ಯಾನ್. ಬಳಸಬೇಡಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಯಮಹಾ ತನ್ನ ಔಟ್‌ಬೋರ್ಡ್‌ಗಳಿಗೆ ಹೇಳುವ ಮಿತಿ ಶೇ. 10. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಕೇಳಬೇಕೇ? ನೀರು ಜಾಸ್ತಿಯಾದಾಗ ಎಥೆನಾಲೂ ನೀರೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ಪೈಪ್ ಎಳೆಯುವುದು ತಳದಿಂದ. ಅಂದರೆ ಎಂಜಿನ್ನಿಗೆ ಮೊದಲು ಹೋಗುವುದು ಎಣ್ಣೆಯೇ ಇಲ್ಲದ ನೀರು ಮಿಶ್ರಿತ ಎಥೆನಾಲ್. ನೀವು ಲೆಕ್ಕ ಹಾಕಿ ಬೆರೆಸಿದ್ದರೂ ಎಂಜಿನ್ನಿಗೆ ಅದು ಸಿಗುವುದಿಲ್ಲ. ಬೇಕಿದ್ದರೆ ಆ ಕ್ಯಾನಿನ ತಳದಿಂದ ಒಂದು ಲೋಟದಷ್ಟು ಗಾಜಿನ ಬಾಟಲಿಗೆ ತೆಗೆದು ನೋಡಿ, ಗೆರೆ ಕಾಣಬಹುದು. ಗೆರೆ ಕಾಣದಿದ್ದರೂ ಮೇ ತಿಂಗಳ ಪೆಟ್ರೋಲ್ ಹೊಸ ರಿಂಗಿಗೆ ಬೇಡ.

ಬೆರೆಸಿದ ಪೆಟ್ರೋಲನ್ನು ಎರಡು ಮೂರು ವಾರಕ್ಕೆ ಆಗುವಷ್ಟೇ ಮಾಡಿಕೊಳ್ಳಿ. ಟ್ಯಾಂಕ್ ಮತ್ತು ಎಂಜಿನ್ನಿನ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಇಲ್ಲದಿದ್ದರೆ ಈಗಲೇ ಹಾಕಿಸಿ. ಎಥೆನಾಲ್ ಜಾಸ್ತಿ ಇರುವ ಪೆಟ್ರೋಲಿನಲ್ಲಿ ಹಳೆಯ ಜೆಟ್ಟಿನ ಮಿಶ್ರಣ ತೆಳುವಾಗುತ್ತದೆ, ಮೇಲಿನ ಸಿಲಿಂಡರ್ ಸೀಜ್ ಆಗಲು ಇದೂ ಕೈ ಸೇರಿಸಿರಬಹುದು. ಹಾಗಾಗಿ ರನ್ನಿಂಗ್ ಇನ್‌ನ ಐದನೇ ಗಂಟೆಯ ಹೊತ್ತಿಗೆ, ಸ್ವಲ್ಪ ಗಟ್ಟಿಯಾಗಿ ಓಡಿಸಿ ಥಟ್ಟನೆ ಆಫ್ ಮಾಡಿ, ಮೂರೂ ಪ್ಲಗ್ ಬಿಚ್ಚಿ ಪಕ್ಕಪಕ್ಕ ಇಡಿ. ಮೂರೂ ಕಾಫಿ ಬಣ್ಣಕ್ಕಿದ್ದರೆ ಸರಿ. ಮೇಲಿನದ್ದು ಬೆಳ್ಳಗಿದ್ದರೆ ಅಲ್ಲಿಗೇ ನಿಲ್ಲಿಸಿ, ಆ ಕಾರ್ಬೊರೇಟರ್ ಬಿಚ್ಚಿಸಿ. ಹಳೆಯ ಪಿಸ್ಟನ್ನಿನ ಎಕ್ಸಾಸ್ಟ್ ಬದಿಯ ಒಂದು ಚಿತ್ರ, ಈ ಮೂರು ಪ್ಲಗ್‌ಗಳ ಒಂದು ಚಿತ್ರ ಕಳಿಸಿದರೆ ಜೆಟ್ ಒಂದು ಸೈಜ್ ದೊಡ್ಡದು ಬೇಕಾ ಅಂತ ನೋಡಿ ಬರೆಯುತ್ತೇನೆ.